ಮುಚ್ಚದೆ ಉಳಿದ ಕಿಟಕಿ

ಗಂಡ ತೀರಿಕೊಂಡ ಮೇಲೆ ಅವಳು ಕಂಪ್ಯೂಟರನ್ನು ಒಮ್ಮೆಯೂ ಆಫ್ ಮಾಡಿರಲಿಲ್ಲ. ಹಟವೇನೂ ಇರಲಿಲ್ಲ, ಮಾಡಬೇಕು ಅನ್ನಿಸಿರಲಿಲ್ಲ, ಅಷ್ಟೇ. ಅದಕ್ಕೆ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿ, ಅದರ ಬೇಕುಬೇಡ ನೋಡಿಕೊಳ್ಳುತ್ತಿದ್ದವನು ಅವನೇ. ಪುಸ್ತಕಗಳ ಪುಟ ಜೋಡಿಸುವುದು ಅವಳ ಕೆಲಸ. ಬಂದ ನೆಂಟರೆಲ್ಲ ಹೊರಟ ಮೇಲೆ, ಅರ್ಧಕ್ಕೆ ನಿಂತಿದ್ದ ಹಕ್ಕಿಗಳ ಪುಸ್ತಕ ತೆರೆದು ಕೂತಳು. ಕೈ ತನ್ನ ಪಾಡಿಗೆ ದುಡಿಯಿತು. ಕಣ್ಣಲ್ಲಿ ಮಾತ್ರ ಒಂದು ಹನಿ ಬರಲಿಲ್ಲ. ನೆಂಟರು ಅದನ್ನೇ ಆಡಿಕೊಂಡಿದ್ದು ಅವಳ ಕಿವಿಗೂ ಬಿದ್ದಿತ್ತು.

ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ಆಗಾಗ ಇಣುಕುತ್ತಿತ್ತು. ಕಾಟ ತಪ್ಪಲಿ ಎಂದು ಒಂದು ಬೆಳಿಗ್ಗೆ, ಕೆಲಸದ ನಡುವೆಯೇ ಒಪ್ಪಿಗೆ ಒತ್ತಿಬಿಟ್ಟಳು. ಸ್ವಲ್ಪ ಹೊತ್ತಿಗೆ ಪರದೆಯ ಗುಂಡಿಗಳ ಮೇಲಿನ ಚಿತ್ರಗಳೆಲ್ಲ ಖಾಲಿ ಚೌಕಗಳಾದವು. ಹೊಸ ಫೈಲ್ ತೆರೆಯಲು ಹೋದರೆ ಏನೂ ಆಗಲಿಲ್ಲ. ನಾದಿನಿಗೆ ಫೋನ್ ಮಾಡಿದಳು. ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಾದಿನಿ ಬಂದವಳೇ, ಹೆಗಲ ಚೀಲವನ್ನೂ ಇಳಿಸದೆ ಪರದೆಗೆ ಬಗ್ಗಿದಳು.

"ಅತ್ತಿಗೆ, ಇದನ್ನ ಯಾವಾಗಿಂದ ಆಫ್ ಮಾಡಿಲ್ಲ?"

"ನಿಮ್ಮಣ್ಣ ಹೋದಾಗಿಂದ."

ನಾದಿನಿ ಅಲ್ಲಿ ಇಲ್ಲಿ ಒತ್ತಿ ನೋಡಿದಳು. "ಓಡ್ತಾ ಇರೋದು ಹಳೇ ಪ್ರೋಗ್ರಾಂ, ಒಳಗೆ ಬಂದು ಕೂತಿರೋದು ಹೊಸದು. ಎರಡಕ್ಕೂ ತಾಳೆ ಆಗ್ತಿಲ್ಲ. ಎಲ್ಲ ಸೇವ್ ಮಾಡಿ, ಒಂದು ನಕಲು ತೆಗೆದಿಟ್ಟು, ರೀಸ್ಟಾರ್ಟ್ ಮಾಡೋಣ. ಉಳಿದಿರೋ ಅಪ್‌ಡೇಟ್ ಆಗಲೇ ಹಾಕ್ಕೊಳ್ಳುತ್ತೆ. ಆಗ ಬೇರೆ ಏನೂ ಓಡ್ತಿರಲ್ಲ, ಭಯ ಇಲ್ಲ."

ಹಕ್ಕಿಗಳ ಪುಸ್ತಕವನ್ನು ಸೇವ್ ಮಾಡಿ ಪೆನ್‌ಡ್ರೈವಿಗೂ ಹಾಕಿದರು. ಆಮೇಲೆ ಪರದೆಯ ಮೇಲೆ ತೆರೆದಿದ್ದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. ಎಲ್ಲಕ್ಕೂ ಹಿಂದೆ ಚದುರಂಗದ ಹಲಗೆಯೊಂದು ತೆರೆದೇ ಇತ್ತು. ಅವನು ಕಂಪ್ಯೂಟರಿನ ಜೊತೆ ಆಡುತ್ತಿದ್ದ ಆಟ. 'ನಿಮ್ಮ ಸರದಿ' ಎಂದು ಕೆಳಗೆ ಬರೆದಿತ್ತು.

ನಾದಿನಿಯ ಕೈ ಮೌಸಿನ ಮೇಲೆ ನಿಂತಿತು. "ಅಣ್ಣಂದು... ಸೇವ್ ಮಾಡ್ಲಾ ಅತ್ತಿಗೆ?"

ಅವಳು ಹಲಗೆಯನ್ನು ದಿಟ್ಟಿಸಿ ನೋಡಿದಳು. "ಮಂತ್ರಿ ಹೋಗಿದೆ, ಆನೆಗಳೂ ಹೋಗಿವೆ. ಸೋಲ್ತಿರೋ ಆಟ ಎತ್ತಿಟ್ರೆ ನಿಮ್ಮಣ್ಣ ಸುಮ್ನಿರ್ತಿದ್ರಾ? ಮುಚ್ಚು."

ನಾದಿನಿ ನಕ್ಕಳು. ನಗುತ್ತಲೇ ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಿಕ್ಕತೊಡಗಿದಳು. ನಾದಿನಿಯ ಬೆನ್ನು ಸವರುತ್ತ ಅವಳೇ ಆಟವನ್ನು ಮುಚ್ಚಿ, ರೀಸ್ಟಾರ್ಟ್ ಒತ್ತಿದಳು. ಪರದೆ ಕಪ್ಪಾಯಿತು. ಬಿಳಿ ಗೆರೆಯೊಂದು ನಿಧಾನವಾಗಿ ತುಂಬುತ್ತ ಹೋಯಿತು. ಅವಳು ಅದನ್ನೇ ನೋಡುತ್ತಿದ್ದಳು. ಎದೆಯಲ್ಲಿ ಏನಾದರೂ ಕದಲೀತು ಎಂದು ಕಾದಳು. ಬಿಸಿಲಿಗೆ ಕಾದ ಗೋಡೆಗೆ ಒರಗಿದರೂ ಬಿಸಿ ತಾಗದ ಹಾಗಿತ್ತು.

ಕಂಪ್ಯೂಟರ್ ಸರಿಯಾಗಿ ಎದ್ದಿತು. ಪುಸ್ತಕ ತೆರೆಯಿತು, ಚಿತ್ರಗಳು ತಮ್ಮ ಗುಂಡಿಗಳ ಮೇಲೆ ಮರಳಿ ಬಂದಿದ್ದವು.

"ಅತ್ತಿಗೆ, ನಿಮಗೆ ಏನೂ ಅನ್ನಿಸ್ತಿಲ್ವಾ?" ನಾದಿನಿ ಮೂಗು ಒರೆಸಿಕೊಳ್ಳುತ್ತ ಕೇಳಿದಳು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ.

"ಇಲ್ಲ ಕಣೆ. ಅನ್ನಿಸ್ತಾನೇ ಇಲ್ಲ. ನನಗೇ ಹೆದರಿಕೆ ಆಗುತ್ತೆ."

ಆ ಮಾತನ್ನು ಅವಳು ಯಾರ ಮುಂದೂ ಹೇಳಿರಲಿಲ್ಲ. ನಾದಿನಿ ಹೆಗಲ ಚೀಲವನ್ನು ಆಗ ಕೆಳಗಿಟ್ಟಳು. "ಇವತ್ತು ಇಲ್ಲೇ ಇರ್ತೀನಿ" ಎಂದು, ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. ಅವಳು ಹಕ್ಕಿಗಳ ಪುಸ್ತಕಕ್ಕೆ ಮರಳಿ, ಮಿಂಚುಳ್ಳಿಯ ಪುಟದ ತಲೆಬರಹ ಸರಿಪಡಿಸತೊಡಗಿದಳು.