ತೂಗಾಟಕ್ಕೆ ತೂಗಾಟ

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುತ್ತಿದ್ದ ದಿನಗಳು. ಒಂದು ಬುಧವಾರ ಬೆಳಗಿನ ಹತ್ತು ಗಂಟೆಗೆ ಅಜ್ಜಿ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತೇ ಮೂರು ಮಹಡಿ ಹತ್ತಿ ಬಂದಳು. ಗುಬ್ಬಿಗೆ ಆಗಲೇ ನಾಲ್ಕು ತುಂಬಿತ್ತು. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಕೂತಲ್ಲೇ ಎಡಕ್ಕೆ ಬಲಕ್ಕೆ ತೂಗುತ್ತಿದ್ದಳು, ಅಷ್ಟೇ. ಕುಣಿತದಿಂದಲೇ ಇಂಥ ಮಕ್ಕಳಿಗೆ ದಾರಿ ತೋರಿಸುವ ಟೀಚರ್ ಒಬ್ಬರಿದ್ದಾರೆ ಎಂದು ಆಸ್ಪತ್ರೆಯವರು ಇಲ್ಲಿಗೆ ಕಳಿಸಿದ್ದರು. "ಇದೊಂದು ನೋಡೋಣಮ್ಮ. ಇದೂ ಆಗ್ದಿದ್ರೆ ಇನ್ಯಾವ ಬಾಗಿಲೂ ತಟ್ಟಲ್ಲ" ಅಂತ ಮಗಳು ಕೆಲಸಕ್ಕೆ ಹೊರಡುವಾಗ ಹೇಳಿ ಕಣ್ಣೊರೆಸಿಕೊಂಡಿದ್ದಳು.

ಕೋಣೆಯಲ್ಲಿ ಮರದ ನೆಲ, ಗೋಡೆಗೆ ಒರಗಿಸಿದ ಚಾಪೆ ಸುರುಳಿಗಳು, ಬೇರೇನಿಲ್ಲ.

"ಮಗು ಅಂಬೆಗಾಲಿಟ್ಟಿತ್ತಾ, ಅಜ್ಜಿ?" ಟೀಚರ್ ಕೇಳಿದಳು.

"ನೆಲಕ್ಕೆ ಬಿಟ್ಟರೆ ತಾನೇ ತಾಯಿ? ನನ್ನ ಸೊಂಟಾನೇ ಅವಳ ತೊಟ್ಟಿಲು."

"ಸೊಂಟಕ್ಕೂ ಒಂದು ರಜ ಬೇಡ್ವಾ? ಇಳಿಸಿ."

ಇಳಿಸಿದ್ದೇ ತಡ, ಗುಬ್ಬಿ ತೂಗತೊಡಗಿದಳು. ಟೀಚರ್ ಎದುರಿಗೆ ಕೂತು ತಾನೂ ತೂಗಿದಳು. ಗುಬ್ಬಿ ಕತ್ತು ಸೊಟ್ಟ ಮಾಡಿದರೆ ಅವಳೂ ಸೊಟ್ಟ.

ಅಜ್ಜಿಯ ಮೈ ಉರಿದುಹೋಯಿತು. ಬೀದಿಯ ಹುಡುಗರು ಮಾಡುವುದೂ ಇದನ್ನೇ; ಪೊರಕೆ ಹಿಡಿದು ತಿರುವಿನತನಕ ಅಟ್ಟಿದ್ದಳು ಅವರನ್ನು. ಮಗುವನ್ನು ಬಾಚಿ ಎತ್ತಿಕೊಂಡಳು.

"ಓದಿದ ನೀವೇ ಅಣಕಿಸಿದ್ರೆ ಆ ಮಂಗಗಳಿಗೆ ಏನು ಬುದ್ಧಿ ಹೇಳ್ಲಿ?"

ಟೀಚರ್ ಕೂತಲ್ಲಿಂದ ಏಳಲಿಲ್ಲ. "ಅಣಕ ಅಲ್ಲ ಅಜ್ಜಿ. ಅವಳಿಗೆ ನನ್ನ ಮಾತು ಬರಲ್ಲ. ಅದಕ್ಕೆ ಅವಳ ಮಾತನ್ನ ನಾನೇ ಕಲೀತಿದ್ದೀನಿ."

"ಬೆಣ್ಣೇಲಿ ಕೂದಲು ತೆಗೆಯೋ ಮಾತು ಸಾಕು!" ಅಜ್ಜಿ ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸಿದಳು.

ಆಗ ಸೊಂಟದ ಮೇಲಿನ ಮಗು ಒಮ್ಮೆ ಎಡಕ್ಕೆ ವಾಲಿ ನಿಂತುಬಿಟ್ಟಿತು. ನಾಲ್ಕು ವರ್ಷ ಆ ತೂಗಾಟವನ್ನು ಹೊತ್ತ ಮೂಳೆಗಳು ಅಜ್ಜಿಯವು. ಅದು ನಡುವೆ ಎಂದೂ ನಿಂತದ್ದಿಲ್ಲ ಎಂದು ಅವಕ್ಕೆ ಗೊತ್ತು. ಅಜ್ಜಿ ತಿರುಗಿ ನೋಡಿದಳು. ಗುಬ್ಬಿಯ ಕಣ್ಣು ಟೀಚರ್ ಮೇಲಿತ್ತು, ಕಾಯುತ್ತಿತ್ತು.

ಟೀಚರ್ ಕೂತಲ್ಲೇ ಎಡಕ್ಕೆ ವಾಲಿದಳು. ಗುಬ್ಬಿ ಬಲಕ್ಕೆ. ಟೀಚರ್ ಬಲಕ್ಕೆ. ಮಗು ಕಾಲು ಬಡಿದು ಕೆಳಗೆ ಜಾರಲು ಹವಣಿಸಿತು.

ಅಜ್ಜಿಯ ಕೈ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ಸಡಿಲಾಯಿತು, ಮಗು ನೆಲಕ್ಕಿಳಿಯಿತು.

"ಹೊರಗೆ ಬೆಂಚಿದೆ ಅಜ್ಜಿ, ಕೂತಿರಿ."

"ನಾನು ಕಾಣದೆ ಇವಳು ಅತ್ತರೆ?"

"ಅತ್ತರೆ ನಾನೂ ಅಳ್ತೀನಿ."

ಅಜ್ಜಿಗೆ ನಗುವೂ ಬಂತು, ಕಣ್ಣೂ ತುಂಬಿತು. ಆ ಬುಧವಾರ ಕೋಣೆಯಿಂದ ಹೊರಗಿನ ಬೆಂಚಿಗೆ ಹೋದವಳು ಅವಳೊಬ್ಬಳೇ.