ಸಾಕವ್ವನ ಹಾಜರಿ

ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ. ಗದಗಿನಿಂದ ಬರೋಡಕ್ಕೆ ವರ್ಗವಾಗಿ ಬಂದಿದ್ದ ತಂತಿ ಕಚೇರಿಯ ಕರುಣಾಕರನ ಮನೆಯಲ್ಲಿ ಮಾತ್ರ ಆ ಗಾದೆ ನಡೆಯುತ್ತಿರಲಿಲ್ಲ. ನಾಲ್ಕನೆಯದೂ ಹೆಣ್ಣಾದಾಗ ಅವನ ತಾಯಿ ರಾಹೇಲವ್ವ ಕೂಸಿಗೆ ‘ಸಾಕವ್ವ’ ಎಂದು ಹೆಸರಿಟ್ಟಳು. ಹೆಣ್ಣು ಸಾಕು, ಮುಂದಿನದು ಗಂಡಾಗಲಿ ಎಂಬ ಹಳೆಯ ಪದ್ಧತಿ. ಅಜ್ಜನ ಕಾಲಕ್ಕೇ ಮನೆಯವರೆಲ್ಲ ಕ್ರೈಸ್ತರಾಗಿದ್ದರು. ಆದರೆ ಪದ್ಧತಿಗೆ ದೀಕ್ಷಾಸ್ನಾನ ಆಗಿರಲಿಲ್ಲ ನೋಡಿ!

ಸಾಕವ್ವನಿಗೀಗ ಆರು ವರ್ಷ. ಗುಜರಾತಿ ಶಾಲೆಗೆ ಓಡಿ ಓಡಿ ಹೋಗುತ್ತಿದ್ದಳು. ಅಲ್ಲಿ ಅವಳ ಹೆಸರಿನ ಅರ್ಥ ಯಾರಿಗೂ ಗೊತ್ತಿರಲಿಲ್ಲ.

ಅರವತ್ನಾಲ್ಕರ ಚಳಿಗಾಲದಲ್ಲಿ ಅವಳ ತಾಯಿ ಕಮಲಾಕ್ಷಿ ಐದನೆಯದನ್ನು ಹೆತ್ತಳು. ಅದೂ ಹೆಣ್ಣು. ರಕ್ತ ನಿಲ್ಲದೆ ಎರಡು ದಿನ ಜೀವ ಹೋಗಿ ಬಂದಂತಾಯಿತು. “ಇನ್ನೊಂದು ಹೆರಿಗೆಯಾದರೆ ತಾಯಿ ಉಳಿಯೋದಿಲ್ಲ,” ಎಂದು ಡಾಕ್ಟರು ಕರುಣಾಕರನಿಗೆ ಖಡಾಖಂಡಿತ ಹೇಳಿದರು. ಅವನು ಅದನ್ನು ತಾಯಿಗೆ ಹೇಳಿದ.

“ಡಾಕ್ಟರೇನು ದೇವರೇನೋ?” ಎಂದಳು ರಾಹೇಲವ್ವ. “ಈ ಕೂಸಿಗೆ ಬ್ಯಾಡವ್ವ ಅಂತ ಇಡೂಣು. ಮುಂದಿಂದು ಗಂಡ ಆಗತೈತಿ. ಬೈಬಲಿನಾಗ ಬಂಜಿ ಹನ್ನಳಿಗೆ ಸಮುವೇಲನಂಥಾ ಮಗನ್ನ ಕೊಟ್ಟ ದೇವರು ನಮಗ ಕೊಡೂದಿಲ್ಲೇನು?”

ಕರುಣಾಕರ ತಲೆ ತಗ್ಗಿಸಿ ಬೂಟು ಒರೆಸುತ್ತ ಕೂತ. ತೊಟ್ಟಿಲ ಹಗ್ಗ ಹಿಡಿದಿದ್ದ ಸಾಕವ್ವ ಮೆಲ್ಲಗೆ ಅಂದಳು: “ಆ ಹೆಸರು ಬ್ಯಾಡ ಅಜ್ಜಿ. ನನ್ನ ಹೆಸರನ ಆಕಿಗೆ ಇಡ್ರಿ. ಬ್ಯಾಡವ್ವ ಅಂತ ನನ್ನ ಕರೀರಿ. ನನಗ ರೂಢಿ ಆಗೇತಿ.”

ಬಾಣಂತಿ ಕಮಲಾಕ್ಷಿ ಗೋಡೆ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು. ಆರು ವರ್ಷ ಆ ಹೆಸರನ್ನು ತಾನೂ ಕೂಗಿದ್ದಳಲ್ಲ!

ಪ್ರತಿ ಬಸಿರಿನಲ್ಲೂ ಅತ್ತೆ ಅವಳಿಂದ ಹನ್ನಳ ಕಥೆಯನ್ನೇ ಓದಿಸುತ್ತಿದ್ದಳು. ಆ ದಿನ ಕಮಲಾಕ್ಷಿ ಅದನ್ನು ಬಿಟ್ಟು, ಬೈಬಲಿನಲ್ಲಿ ಎಲ್ಲರೂ ಹಾರಿಸುವ ಕುಲಗಳ ಜನಗಣತಿಯ ಪುಟಗಳನ್ನು ತೆರೆದಳು. ಹೆಸರಿನ ಮೇಲೆ ಹೆಸರು, ಬರೀ ಗಂಡಸರದು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು. ಅಷ್ಟನ್ನೇ ಮೂರು ಸಲ ಓದಿದಳು.

ತಿಂಗಳ ಮೇಲೆ ಮುಂಬಯಿಯಿಂದ ಕನ್ನಡ ಪಾದ್ರಿಗಳು ಬಂದರು. ಭಾನುವಾರ ದೀಕ್ಷಾಸ್ನಾನ. “ಮಗುವಿನ ಹೆಸರು?” ಎಂದು ಕೇಳಿದರು. ಕರುಣಾಕರ ತಾಯಿಯ ಮುಖ ನೋಡಿದ.

“ತಿರ್ಚಾ,” ಎಂದಳು ಕಮಲಾಕ್ಷಿ.

“ಅದ್ಯಾವ ಹೆಸರ?” ರಾಹೇಲವ್ವ ಗದರಿದಳು.

“ಬೈಬಲಿನಾಗಿಂದ ಐತ್ರಿ, ಅತ್ತಿ. ಚಲ್ಪಹಾದ ಅಂತ ಒಬ್ಬಾಂವಗ ಐದೂ ಹೆಣ್ಣು, ಗಂಡು ಇಲ್ಲ. ಅಪ್ಪ ಸತ್ತ ಮ್ಯಾಲೆ ಆ ಹುಡುಗ್ಯಾರು ಮೋಶೆ ಮುಂದ ನಿಂತು, ನಮ್ಮ ಪಾಲು ಕೊಡ್ರಿ ಅಂದ್ರು. ಅವರು ಹೇಳೂದು ಖರೇ ಅಂದ ದೇವರು. ಐದೂ ಮಂದಿ ಹೆಸರು ಬರಸ್ಯಾನ್ರಿ, ಐದನೇದಾಕಿ ತಿರ್ಚಾ. ಒಬ್ಬಾಕಿಗೂ ಸಾಕು, ಬ್ಯಾಡ ಅಂದಿಲ್ಲ.” ಅವಳು ಕೂಸನ್ನು ಪಾದ್ರಿಗಳತ್ತ ಚಾಚಿದಳು. “ಮುಂದಿಂದು ಇಲ್ರಿ, ಅತ್ತಿ. ನಾ ಸತ್ರ ಈ ಐದು ಮಂದಿಗೆ ತಾಯಿ ಯಾರು?”

ಪಾದ್ರಿಗಳು ಕೂಸಿನ ಹಣೆಗೆ ನೀರು ಹಾಕಿದರು. ರಾಹೇಲವ್ವ ಸೆರಗು ಕೊಡವಿ ಹೊರಗೆ ನಡೆದಳು.

ಸಾಕವ್ವ ತಾಯಿಯ ಸೀರೆ ಜಗ್ಗಿದಳು. “ಅವ್ವಾ, ಅವರೊಳಗ ನಾಲ್ಕನೇದಾಕಿ ಹೆಸರೇನು?”

“ಮಿಲ್ಕಾ.”

ಮರುದಿನ ಶಾಲೆಯಿಂದ ದೂರು ಬಂತು. ಹಾಜರಿ ಕರೆಯುವಾಗ ಶಿಕ್ಷಕಿ ಬೆನ್ ‘ಸಾಕವ್ವ’ ಎಂದು ಮೂರು ಸಲ ಕೂಗಿದರಂತೆ. ಹುಡುಗಿ ಎದುರಿಗೇ ಕೈಕಟ್ಟಿ ಕೂತಿದ್ದರೂ ಬಾಯಿ ಬಿಡಲಿಲ್ಲವಂತೆ.

“ಹೊಡತ ಹಾಕ್ರಿ, ಬಾಯಿ ಬಿಡತಾಳ!” ಎಂದಳು ರಾಹೇಲವ್ವ.

ಮಾರನೆಯ ಬೆಳಿಗ್ಗೆ ಕರುಣಾಕರ ಕಚೇರಿಗೆ ಹೋಗಲಿಲ್ಲ. ಬೂಟು ಹಾಕಿಕೊಂಡು, ಮಗಳ ಕೈ ಹಿಡಿದು ಶಾಲೆಗೆ ಹೊರಟ. ಬಾಗಿಲಲ್ಲಿ ನಿಂತು ಮೊದಲ ಸಲ ತಾಯಿಗೆ ಎದುರು ಮಾತಾಡಿದ.

“ಆಕಿ ಹೆಸರು ಮಿಲ್ಕಾ, ಅವ್ವಾ. ಬರಸಿ ಬರತೀನಿ.”