ಅಳು ನಿಲ್ಲಿಸುವ ಅಯ್ಯಾರು

ನೀರು ಇಷ್ಟು ತಣ್ಣಗಿರಬಾರದಿತ್ತು, ಒಂದಿಷ್ಟು ಕಾಸಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು, ಎಂದುಕೊಳ್ಳುತ್ತಿದ್ದಾನೆ ಅಡಿವೆಯ್ಯ, ಶೇಖಪ್ಪ ಬಗ್ಗಿ ತಂಬಿಗೆಯಿಂದ ಅವನ ಬಲಗಾಲಿನ ಮೇಲೆ ನೀರು ಬಿಡುತ್ತಿದ್ದಾನೆ, ಹೆಬ್ಬೆರಳು, ಪಾದದ ಗಂಟು, ಹಿಮ್ಮಡಿಯ ಬಿರುಕು, ಬಿರುಕಿನೊಳಗೆ ಕೂತ ಗದ್ದೆಯ ಮಣ್ಣು, ಅದನ್ನೂ ಬಿಡದೆ ಉಗುರಿನಿಂದ ತೆಗೆಯುತ್ತಿದ್ದಾನೆ, ಪಾಪ, ಸತ್ತವನು ಅವನ ಒಡಹುಟ್ಟಿದ ಅಣ್ಣ, ಕೈಗೆ ಏನಾದರೂ ಕೆಲಸ ಬೇಕು ಅವನಿಗೆ — ಸಾಕೋ ಶೇಖಪ್ಪಾ, ಕಾಲ ಸವದೀತು. ಹೂಂ ರೀ ಅಯ್ಯಾರ, ಎನ್ನುತ್ತಾನೆ, ಮತ್ತೆ ತೊಳೆಯುತ್ತಾನೆ. ಹಗಲು ಏರುತ್ತಿದೆ, ಭಜನೆಯವರು ಗಂಟಲು ಕಟ್ಟಿಸಿಕೊಂಡು ಅಂಗಳದ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದಾರೆ, ಒಳಗೆ ಪಡಸಾಲೆಯಲ್ಲಿ ಅಂದಾನೆಪ್ಪ ಗೋಡೆಗೆ ಒರಗಿ ಕೂತಿದ್ದಾನೆ, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ಇನ್ನೇನು ಅಡಿವೆಯ್ಯ ಹೋಗಿ ಆ ತಲೆಯ ಮೇಲೆ ಈ ಬಲಗಾಲು ಇಡಬೇಕು, ಇಟ್ಟ ಮೇಲೆಯೇ ಹೆಣ ಏಳುವುದು. ಮಳಗಿಯಲ್ಲೂ ಸುತ್ತಲಿನ ಮೂರು ಊರುಗಳಲ್ಲೂ ಲಿಂಗವಂತರ ಮನೆಯಲ್ಲಿ ಯಾರು ಸತ್ತರೂ ಊರ ಜಂಗಮನ ಇದೇ ಕಾಲು. ಎಷ್ಟು ತಲೆ ಮುಟ್ಟಿತೋ, ಎಣಿಕೆ ಬಿಟ್ಟು ಯಾವ ಕಾಲವಾಯಿತು. ಬೋಳು ತಲೆ, ಎಣ್ಣೆ ತಲೆ, ಒಂದು ಸಲ ಅಂಗೈಯಷ್ಟೇ ಇದ್ದ ಕೂಸಿನ ತಲೆ. ಆದರೆ ಇವತ್ತಿನದು ಅಂದಾನೆಪ್ಪನ ತಲೆ, ಐವತ್ತು ವರ್ಷದ ಗೆಳೆಯನದು, ಕೆರೆಯಲ್ಲಿ ಇವನನ್ನು ಮುಳುಗಿಸಿ ಅವನು, ಅವನನ್ನು ಮುಳುಗಿಸಿ ಇವನು, ಸಿಕ್ಕ ಸಿಕ್ಕಾಗ ಬೈದಾಡಿಕೊಂಡು ಬೆಳೆದವರು. ನಿನ್ನೆ ಮಧ್ಯಾಹ್ನ ಸುದ್ದಿ ಬಂದಾಗಿನಿಂದ ಅಡಿವೆಯ್ಯ ಕಾಯುತ್ತಿದ್ದಾನೆ, ಒಂದು ಹನಿ ಬರಲಿ ಅಂತ. ಬಂದಿಲ್ಲ.

ದಣಿವು ಬಂದಿದೆ, ಅದು ಮಾತ್ರ. ಮೊಣಕಾಲಿನಲ್ಲಿ, ಬೆನ್ನಿನಲ್ಲಿ, ಕಣ್ಣಿನ ಹಿಂದೆಲ್ಲೋ. ರಾತ್ರಿಯೆಲ್ಲ ಪ್ರಯತ್ನ ಮಾಡಿದ್ದಾನೆ, ನಾಚಿಕೆಗೇಡು, ಅರವತ್ತಾರು ವರ್ಷದ ಮುದುಕ ಅಳುವುದಕ್ಕೆ ಪ್ರಯತ್ನ ಮಾಡುವುದೆಂದರೆ — ಕೆರೆ ನೆನೆಸಿದ, ಮೊದಲ ಬೀಡಿ ನೆನೆಸಿದ, ಅಂದಾನೆಪ್ಪನ ಮದುವೆಯಲ್ಲಿ ಬಾಸಿಂಗ ಜಾರಿ ಮೂಗಿನ ಮೇಲೆ ಕೂತದ್ದು ನೆನೆಸಿದ, ಎದೆಯಲ್ಲಿ ಏನೋ ಅಲ್ಲಾಡಿತು, ಬಂತು ಬಂತು ಅನ್ನುವಷ್ಟರಲ್ಲಿ ನಾಲಿಗೆ ತಾನಾಗಿಯೇ ಹೋಗಿ ಬಾಯಿಯ ಅಂಗುಳಕ್ಕೆ ಒತ್ತಿಕೊಂಡುಬಿಟ್ಟಿತು. ಆ ಹಾಳು ನಾಲಿಗೆ. ಹನ್ನೊಂದು ವರ್ಷದವನಿದ್ದಾಗ ಕಲಿತದ್ದು, ಹಳಿಯಾಳದ ಕಡೆಯ ಮಠದಲ್ಲಿ, ಅವ್ವ ಸತ್ತ ಸುದ್ದಿ ಬಂದ ದಿನ, ದೊಡ್ಡ ಬುದ್ಧಿಯವರು ಕರೆದು ಎದುರಿಗೆ ಕೂಡಿಸಿಕೊಂಡರು. ಲಿಂಗಾ ಅಂಗೈಯಾಗ ಇಟಗೋ, ನಾಲಿಗಿ ಅಂಗುಳಕ್ಕ ಒತ್ತು, ಉಸರ ಹಿಡಿ, ಹತ್ತ ಎಣಸು. ಅಳು ಅನ್ನೂದು ರೂಢಿ ತಮ್ಮಾ, ಕೂಸ ಅತ್ತರ ಹಾಲ ಸಿಗತೈತಿ, ಅಲ್ಲಿಂದ ಸುರು ಆಗೇತಿ ಅದು, ಕಲತದ್ದನ್ನ ಬಿಡಾಕ ಬರತೈತಿ. ಎಣಿಸಿದ. ಎಂಟಕ್ಕೆ ನಿಂತಿತು. ಆಹಾ, ಎಂಥ ಸೋಜಿಗ, ಅವ್ವ ಸತ್ತಿದ್ದಾಳೆ ಮತ್ತು ಕಣ್ಣು ಒಣಗಿದೆ, ಬುದ್ಧಿಯವರು ಬೆನ್ನು ತಟ್ಟಿದರು, ಉಳಿದ ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು, ಹೆಮ್ಮೆಯಾಯಿತು — ಅವ್ವ ಸತ್ತ ದಿನ ಹೆಮ್ಮೆಯಾಯಿತು, ಥೂ. ಆಮೇಲೆ ಅದೇ ಅವನ ಹೆಸರಾಯಿತು. ಅಳು ನಿಲ್ಲಿಸುವ ಅಯ್ಯಾರು. ಎಲ್ಲಿ ಹೆಂಗಸರು ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಾರೋ ಅಲ್ಲಿಗೆ ಅಡಿವೆಯ್ಯನನ್ನು ಕರೆಸಿ, ಒಂದು ಮಾತು ಹೇಳಿದರೆ ಮನೆ ತಣ್ಣಗಾಗುತ್ತದೆ. ಶಿವನ ಮನೆಗೆ ಹೋದವರಿಗೆ ಅಳುವುದೇನು, ನಿಮ್ಮ ಮನಸ್ಸು ನಿಮ್ಮ ಕೈಯಲ್ಲಿದೆ, ನಾಲಿಗೆ ಒತ್ತಿ, ಎಣಿಸಿ. ಅವರು ಎಣಿಸುತ್ತಿದ್ದರು. ಇವನು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ.

ಇದೇ ಅಂಗಳ. ಒಂಬತ್ತು ವರ್ಷದ ಹಿಂದೆ, ದಾಂಡೇಲಿಗೆ ಬಿದಿರು ಹೇರಿಕೊಂಡು ಹೋದ ಗಾಡಿ ಕಾತೂರಿನ ಇಳಿಜಾರಿನಲ್ಲಿ ಪಲ್ಟಿಯಾಗಿ, ಅಂದಾನೆಪ್ಪನ ಮಗ ಉಳವಪ್ಪ ಅದರಡಿ ಸಿಕ್ಕು, ಅದೇ ಬಿದಿರಿನ ಮೇಲೆ ಮಲಗಿಸಿ ಅವನನ್ನು ತಂದಿದ್ದರು. ಒಬ್ಬನೇ ಮಗ, ಉಳವಿಯ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು, ಇಪ್ಪತ್ತು ತುಂಬಿರಲಿಲ್ಲ. ಅಂದಾನೆಪ್ಪ ನೆಲದ ಮೇಲೆ ಬಿದ್ದು ಹೊರಳುತ್ತಿದ್ದ, ಅಷ್ಟು ದೊಡ್ಡ ಆಳು, ಇಬ್ಬರು ಹಿಡಿದರೂ ನಿಲ್ಲುತ್ತಿರಲಿಲ್ಲ, ಅವನ ಹೆಂಡತಿ ಗುರುಸಿದ್ದವ್ವ ಮಗನ ಒಂದೊಂದು ಗುಣವನ್ನೂ ರಾಗ ಎಳೆದು ಹೇಳಿಕೊಂಡು ಅಳುತ್ತಿದ್ದಳು, ರೊಟ್ಟಿ ಸುಡುವಾಗ ಹಿಂದಿನಿಂದ ಬಂದು ಕಣ್ಣು ಮುಚ್ಚುತ್ತಿದ್ದನಂತೆ, ನೆಲ್ಲಿಕಾಯಿ ಅಂದರೆ ಪ್ರಾಣವಂತೆ. ಆಗ ಬಂದವನು ಇವನೇ, ಈ ಮಹಾನುಭಾವ, ಎಲ್ಲರ ಎದುರಿಗೆ ಗೆಳೆಯನ ರಟ್ಟೆ ಹಿಡಿದು ಎತ್ತಿ — ಏ ಅಂದಾನೆಪ್ಪಾ, ಗಂಡಸ ಹೌದಲ್ಲೋ ನೀ, ಬಾಯಿ ಮುಚ್ಚು. ಮಗಾ ಶಿವನಂತ್ಯಾಕ ಹೋಗ್ಯಾನ, ನೀ ಹಿಂಗ ಅತ್ತರ ಅವನ ಹಾದಿಗೆ ಅಡ್ಡ ಬಿದ್ದಂಗ. ತಂಗೀ ಗುರುಸಿದ್ದವ್ವಾ, ನೀನೂ ಸಾಕು ಮಾಡು. ಸಾಕು ಮಾಡಿದರು. ಒಂದು ಪದದ ನಡುವೆ ರಾಗ ತುಂಡಾಯಿತು. ಮಗನ ಹಾದಿಗೆ ಅಡ್ಡ ಬೀಳುತ್ತೀರಿ ಅಂದರೆ ಯಾವ ತಂದೆ ತಾಯಿ ಅತ್ತಾರು, ಆ ಮಾತು ಎಲ್ಲಿಂದ ಬಂತೋ, ಮಠದಲ್ಲಿ ಯಾರೂ ಹೇಳಿದ್ದಲ್ಲ, ಆ ಗಳಿಗೆಗೆ ನಾಲಿಗೆ ಮೇಲೆ ಬಂತು, ಆಡಿದ. ಆಡಿಬಿಟ್ಟ. ಮನೆಯೆಲ್ಲ ಮೌನ, ಅದರೊಳಗೆ ಬೇಲಿಯ ಹತ್ತಿರ ಒಬ್ಬಳು ಮಾತ್ರ ಗೊಳೋ ಎಂದು ಅಳುತ್ತ ನಿಂತಿದ್ದಳು, ಮಾಗ್ದಲೀನಾ, ಸಿದ್ದಿಯರ ಕೇರಿಯವಳು, ಇವರ ಗದ್ದೆಗೆ ನಾಟಿಗೆ ಬರುವವಳು. ಏ ಮಾಗ್ದಲೀನಾ, ನಿನಗೇನಾಗಬೇಕ ಅಂವಾ, ನಿನ್ನ ಬಳಗಲ್ಲಾ ಏನಲ್ಲಾ, ಯಾರ ಕಲಿಸ್ಯಾರ ನಿನಗ ಇಷ್ಟ ಅಳೂದು, ಎಂದು ಗದರಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಕಲಿಸೂದೇನ್ರಿ ಅಯ್ಯಾರ, ನಾ ಕರದಿಲ್ಲ ಅದನ್ನ, ತಾನ ಬಂದೈತ್ರಿ, ಬಂದದ್ದನ್ನ ಹೋಗಂತ ಹೆಂಗ ಅನ್ನಲಿ, ಅಂದಳು. ಅಡಿವೆಯ್ಯ ಅವತ್ತು ಶೇಖಪ್ಪನ ಕಡೆ ನೋಡಿ ನಕ್ಕಿದ್ದ, ತಿಳಿವಳಿಕೆಯಿಲ್ಲದ ಹೆಂಗಸು ಅಂತ. ತಿಳಿವಳಿಕೆ ಯಾರಿಗಿತ್ತೋ ಏನೋ. ಅವಳೊಬ್ಬಳು ಆ ಹುಡುಗನಿಗೆ ಸಲ್ಲುವಷ್ಟು ಅತ್ತು ಮನೆಗೆ ಹೋದಳು.

ಒಳ್ಳೆಯ ಶಿಷ್ಯ ಅಂದಾನೆಪ್ಪ, ಅವನಂಥ ಶಿಷ್ಯ ಬುದ್ಧಿಯವರಿಗೂ ಸಿಗಲಿಲ್ಲ. ದಿನಾ ಸಂಜೆ ಕಟ್ಟೆಗೆ ಬರುತ್ತಿದ್ದ, ಎಲೆ ಅಡಿಕೆ ಹಾಕುತ್ತಿದ್ದ, ಮಗನ ಹೆಸರು ಎತ್ತಲಿಲ್ಲ, ಉಳವಿಗೆ ಹೋಗುವುದನ್ನೂ ಬಿಟ್ಟ, ಯಾರಾದರೂ ಉಳವಪ್ಪಾ ಅಂತ ಬೇರೆ ಯಾರನ್ನೋ ಕೂಗಿದರೆ ಅವನ ದವಡೆ ಒಮ್ಮೆ ಬಿಗಿಯಾಗುತ್ತಿತ್ತು, ಅಷ್ಟೇ, ನಾಲಿಗೆ ಒತ್ತಿದ ಅಂತ ಅಡಿವೆಯ್ಯನಿಗೆ ಮಾತ್ರ ಗೊತ್ತಾಗುತ್ತಿತ್ತು, ಭಲೇ ಅನ್ನಿಸುತ್ತಿತ್ತು. ಹೋದ ವರ್ಷ ಟಿಬೆಟ್ಟಿನ ಜನ ಬಂದು ಇಳಿದ ಮೇಲೆ ಮುಂಡಗೋಡದ ಸಂತೆಯಲ್ಲಿ ಅವರೂ ಕಾಣುತ್ತಾರೆ, ಒಂದು ದಿನ ಅವರ ಒಬ್ಬ ಮುದುಕಿ ಮೆಣಸಿನಕಾಯಿ ಕಡಿದು ನೋಡಿ, ಖಾರಕ್ಕೆ ಕುಣಿದಾಡಿ, ತನ್ನನ್ನು ತಾನೇ ನೋಡಿಕೊಂಡು ಹೋ ಎಂದು ನಕ್ಕಳು, ಇಡೀ ಸಂತೆ ನಕ್ಕಿತು, ಅವಳ ಒಂದು ಮಾತೂ ಯಾರಿಗೂ ತಿಳಿಯುವುದಿಲ್ಲ, ಎಲ್ಲಿಯ ಹಿಮದ ನಾಡು, ಯಾವ ಮಠದಲ್ಲಿ ಕಲಿತಳು ನಮ್ಮ ಹಾಗೆಯೇ ನಗುವುದನ್ನು? ಅಂದಾನೆಪ್ಪ ನಗಲಿಲ್ಲ. ಮುದುಕಿಯನ್ನು ನೋಡುತ್ತ ನಿಂತ. ಬಸ್ಸಿಗೆ ಕಾಯುವಾಗ ಕೇಳಿದ, ಅಡಿವೆಯ್ಯಾ, ನೀ ಹೇಳಿದ್ದ ಕಲತೆ. ಈಗ ನಗೂನೂ ಬರವಲ್ಲದು. ಶೇಖಪ್ಪನ ಮೊಮ್ಮಗಳು ತೊಡೀ ಮ್ಯಾಲ ಕುಂತ ಕಿಲಕಿಲ ಅಂದರೂ ಏನೂ ಅನಸೂದಿಲ್ಲ. ಒಂದ ಬಾಗಲಾ ಹಾಕಿದ್ದೆ, ಎಲ್ಲಾ ಬಾಗಲಾ ತಾವ ಹಾಕ್ಕೊಂಡಾವ. ಹಿಂಗ ಆಗತೈತೇನು? ನಿನಗೂ ಹಿಂಗ ಐತೇನು? ಆಗ ಹೌದು ಅನ್ನಬಹುದಿತ್ತು, ನನಗೂ ಹೀಗೇ ಕಣೋ, ಐವತ್ತೈದು ವರ್ಷದಿಂದ, ನಾನು ಗೆದ್ದೆನೋ ಒಣಗಿದೆನೋ ನನಗೇ ಗೊತ್ತಿಲ್ಲ, ಅನ್ನಬಹುದಿತ್ತು, ಒಂದೇ ಒಂದು ಮಾತು. ಅಡಿವೆಯ್ಯ ಅಂದದ್ದು, ಅದಕ್ಕ ಶಾಂತಿ ಅಂತಾರೋ ಹುಚ್ಚಾ. ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅಂದಾನೆಪ್ಪ ಮತ್ತೆಂದೂ ಕೇಳಲಿಲ್ಲ.

ಬರ್ರಿ ಅಯ್ಯಾರ, ಹೊತ್ತಾತು, ಎನ್ನುತ್ತಾನೆ ಶೇಖಪ್ಪ. ಅಡಿವೆಯ್ಯ ಎದ್ದ, ಒದ್ದೆ ಕಾಲು ನೆಲದ ಮೇಲೆ ಗುರುತು ಬಿಡುತ್ತ ಹೋಯಿತು, ಹೊಸ್ತಿಲು, ಊದಿನಕಡ್ಡಿಯ ಹೊಗೆ, ಬಾಡಿದ ಹೂವಿನ ವಾಸನೆ, ಪಡಸಾಲೆಯಲ್ಲಿ ಗೋಡೆಗುಂಟ ಹೆಂಗಸರು ಕೂತಿದ್ದಾರೆ, ಸೆರಗು ಕಣ್ಣಿನ ಹತ್ತಿರವೇ ಹಿಡಿದುಕೊಂಡು ಕಾಯುತ್ತಿದ್ದಾರೆ, ಮನೆಯವಳು ಮೊದಲು ರಾಗ ಎತ್ತಬೇಕು, ಆಮೇಲೆ ಅವರು ಕೂಡಿಕೊಳ್ಳಬೇಕು, ಅವಳು ಎತ್ತಿಲ್ಲ, ನಿನ್ನೆಯಿಂದ ಎತ್ತಿಲ್ಲ. ಗುರುಸಿದ್ದವ್ವ ಗಂಡನ ಮಂಡಿಗೆ ತಾಗಿ ಕೂತಿದ್ದಾಳೆ. ಇಬ್ಬರು ಅಡಿವೆಯ್ಯನ ತೋಳು ಹಿಡಿದರು, ಬಲಗಾಲು ಮೇಲೆದ್ದಿತು, ಇಟ್ಟ — ಗೆಳೆಯನ ತಲೆ, ಕೂದಲು ಇನ್ನೂ ಒದ್ದೆ, ಮೀಯಿಸಿದ್ದಾರಲ್ಲ, ಕೆರೆಯಿಂದ ಎದ್ದಾಗಲೂ ಹೀಗೇ ಇರುತ್ತಿತ್ತು — ಈಗ ಬಾ, ಶಿವನೇ, ಈಗಲಾದರೂ ಒಂದು ಹನಿ ಬರಲಿ. ಕಾಲಿನ ಕೆಳಗಿಂದ ಗುರುಸಿದ್ದವ್ವ ಮುಖ ಎತ್ತಿದಳು. ಅಯ್ಯಾರ, ಎಂದಳು, ಮೆಲ್ಲಗೆ, ಬೈಯುವ ದನಿಯಲ್ಲಿ ಅಲ್ಲ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅಯ್ಯಾರ, ಅವತ್ತ ನೀವು ಮಗನ ಹಾದಿಗೆ ಅಡ್ಡ ಬೀಳಬ್ಯಾಡ್ರಿ ಅಂದ್ರಿ. ಇವರು ಬೀಳಲಿಲ್ಲ, ನಾನೂ ಬೀಳಲಿಲ್ಲ, ಒಬ್ಬರಿಗೊಬ್ಬರು ಕಾವಲಿದ್ವಿ. ಇವರನ್ನ ಹಿಂಗ ಕಳಸಾಕ ನನಗ ಮನಸಿಲ್ರಿ. ಆದರ ನನಗ ಮರತು ಹೋಗೇತಿ. ಅಳೂದು ಹೆಂಗ ಅನ್ನೂದು ಹೇಳಿಕೊಡ್ರಿ.

ಹೇಳಿಕೊಡ್ರಿ, ಅಂದಳಲ್ಲ, ಇವನೇ ತಾನೇ ಕಲಿಸುವವನು, ಅಳು ನಿಲ್ಲಿಸಲು ಬಲ್ಲವನಿಗೆ ಎಬ್ಬಿಸಲು ಬಾರದೇ ಇರುತ್ತದೆಯೇ, ಅವಳಿಗೆ ಆ ನಂಬಿಕೆ ಇದೆ, ನಿಜವಾಗಿ ಇದೆ, ಮುಖ ನೋಡಿದರೆ ಗೊತ್ತಾಗುತ್ತದೆ, ಅವಳು ಗಂಡನ ಕೈ ಹಿಡಿದುಕೊಂಡು, ಅಡಿವೆಯ್ಯನ ಕಡೆಗೇ ನೋಡುತ್ತ, ಬಾಯಿ ತೆರೆದಳು. ರಾಗ ಎತ್ತುವವರು ತೆರೆಯುವ ಹಾಗೆಯೇ ತೆರೆದಳು, ಕೊರಳಿನ ನರ ಉಬ್ಬಿತು, ಏನೂ ಬರಲಿಲ್ಲ, ಉಸಿರು ಬಂತು, ಬರೀ ಉಸಿರು. ಹೇಳು ಅಡಿವೆಯ್ಯಾ, ಏನಾದರೂ ಹೇಳು, ನೆಲ್ಲಿಕಾಯಿ ಅನ್ನು, ಮಗನ ಹೆಸರು ಅನ್ನು, ತಪ್ಪಾಯಿತು ತಂಗೀ ಅನ್ನು — ಅನ್ನಲು ಹೋದ, ಗೆಳೆಯನ ತಲೆಯ ಮೇಲೆ ಕಾಲಿಟ್ಟುಕೊಂಡು, ತಪ್ಪಾಯಿತು ಅನ್ನಲು ಹೋದ, ನಾಲಿಗೆ ಆಗಲೇ ಅಂಗುಳಕ್ಕೆ ಒತ್ತಿಕೊಂಡಿತ್ತು, ಹೆಂಗಸರೆಲ್ಲ ಸೆರಗು ಹಿಡಿದುಕೊಂಡು ಕಾಯುತ್ತಿದ್ದಾರೆ, ಶೇಖಪ್ಪ ಬಾಗಿಲಲ್ಲಿ ಕಾಯುತ್ತಿದ್ದಾನೆ, ಅವಳ ಬಾಯಿ ತೆರೆದೇ ಇದೆ, ಒಳಗೆ ಕತ್ತಲು, ಕೆಳಗಿನ ಎರಡು ಹಲ್ಲು ಇಲ್ಲ, ಮುಚ್ಚುತ್ತಿಲ್ಲ, ಕಣ್ಣು ಇವನ ಮೇಲಿದೆ, ಬಾಯಿ ತೆರೆದಿದೆ, ಇವನು ಹೇಳಿಕೊಡಲಿ ಅಂತ, ತೆರೆದೇ ಇದೆ ಬಾಯಿ —